ತೊಳೆಯಲು ನೀರೆಲ್ಲಿ ಮಾರಾಯ್ರೆ?

ಸಂಪಾದಕರೇ,

ಭಾನುವಾರದ ಪುರವಣಿಯ ಆ ಹಸಿ ತರಕಾರಿ ಲೇಖನ ನಂಬಿ ನಾನು ಕೆಟ್ಟೆ. ಬೇಯಿಸಿದರೆ ಸಾಯುವ ಒಳ್ಳೆಯ ಬ್ಯಾಕ್ಟೀರಿಯಾ ಹಸಿ ಸೊಪ್ಪಿನಲ್ಲಿ ಜೀವಂತ ಇರುತ್ತವೆ, ಕರುಳಿಗೆ ಒಳ್ಳೆಯದು ಅಂತ ಬರೆದಿದ್ದೀರಿ. ಕೊನೆಯಲ್ಲಿ "ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ" ಎಂದೂ ಉಂಟು. ಬರೆದವರು ಉಡುಪಿಯವರಲ್ಲ ಅಂತ ಕಾಣುತ್ತದೆ. ಈ ಮೇ ತಿಂಗಳಲ್ಲಿ ನಮ್ಮ ಓಣಿಯಲ್ಲಿ ಹರಿಯುವುದು ಬೆವರು ಮಾತ್ರ.

ನಳದಲ್ಲಿ ನೀರು ಮೂರು ದಿನಕ್ಕೊಮ್ಮೆ. ಅದೂ ಬೆಳಗಿನ ಜಾವ ನಾಲ್ಕಕ್ಕೆ, ನೂಲಿನ ಹಾಗೆ. ಸೋಮವಾರ ಹೆಂಡತಿ ಬೇಡ ಅಂದರೂ ಕೇಳದೆ ಘಟ್ಟದ ಎಲೆಕೋಸು, ಕ್ಯಾರೆಟ್, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದೆ. ಒಂದೇ ಚೆಂಬು ನೀರಿನಲ್ಲಿ ಎಲ್ಲವನ್ನೂ ಅದ್ದಿ ತೆಗೆದೆ. ಆ ನೀರನ್ನೂ ಚೆಲ್ಲಲು ಮನಸ್ಸು ಬರದೆ ತುಳಸಿಗೆ ಹಾಕಿದೆ. ಕೋಸಂಬರಿ ರುಚಿಯಾಗಿಯೇ ಇತ್ತು. ಮಂಗಳವಾರ ರಾತ್ರಿಯಿಂದ ಗುರುವಾರದವರೆಗೆ ನಾನು ಎಲ್ಲಿದ್ದೆ ಅಂತ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ. ಹೊಟ್ಟೆ ಕೆಟ್ಟವನಿಗೆ ಎಷ್ಟು ಬಕೆಟ್ ನೀರು ಬೇಕು ಅಂತ ಅಧಿಕಾರಿಗಳಿಗೆ ಗೊತ್ತುಂಟಾ? ಟ್ಯಾಂಕರ್ ತರಿಸಬೇಕಾಯಿತು. ಎರಡು ದಿನ ರಜೆ ಹೋಯಿತು. ಅಣ್ಣನ ಮಗಳ ಮೆಹಂದಿಗೂ ಹೋಗಲಾಗಲಿಲ್ಲ, ಅವರ ಮನೆಯಲ್ಲಿ ಈಗ ಮುಖ ದಪ್ಪ.

ಡಾಕ್ಟರು ನಕ್ಕರು. ಎಲೆ ಮೇಲೆ ಕೂತದ್ದೆಲ್ಲ ನಿಮ್ಮ ನೆಂಟರಲ್ಲ ಅಂದರು. ಹುಳಿ ಬರಿಸುವ ಒಳ್ಳೆಯ ಜಾತಿಯವು ಸ್ವಲ್ಪ ಇರುತ್ತವೆ. ಪಕ್ಕದಲ್ಲೇ ಗೊಬ್ಬರದಿಂದಲೋ ಕೊಳಚೆ ನೀರಿನಿಂದಲೋ ಬಂದ ಇ. ಕೋಲಿ, ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಕೂಡ ಇರಬಹುದು. 2011ರಲ್ಲಿ ಜರ್ಮನಿಯಲ್ಲಿ ಮೆಂತೆ ಮೊಳಕೆಯಿಂದ ಇ. ಕೋಲಿ ಹರಡಿ 50ಕ್ಕಿಂತ ಜಾಸ್ತಿ ಜನ ಸತ್ತರಂತೆ. "ಜೀವಂತ" ಎಂಬುದನ್ನು ಅಷ್ಟು ದಪ್ಪ ಅಕ್ಷರದಲ್ಲಿ ಹಾಕಿದವರು ಇದನ್ನೂ ಒಂದು ಮೂಲೆಯಲ್ಲಿ ಹಾಕಬಹುದಿತ್ತು, ಅಲ್ವಾ? ಹಸಿ ಎಲೆಕೋಸಿನಲ್ಲಿ ಆ ಒಳ್ಳೆಯ ಜಾತಿ ಇರುವುದೇ ಕಡಿಮೆ. ಹದವಾಗಿ ಉಪ್ಪು ಹಾಕಿ ಕೆಲವು ದಿನ ಇಟ್ಟು ಹುಳಿ ಬಂದಾಗಲೇ ಅವು ಕೋಟಿಗಟ್ಟಲೆ ಆಗುವುದು. ನಮ್ಮ ಅಮ್ಮ ರಾತ್ರಿ ನೀರು ಹಾಕಿಟ್ಟ ಕುಚ್ಚಲಕ್ಕಿ ತಂಗಳಿಗೆ ಬೆಳಿಗ್ಗೆ ಮಜ್ಜಿಗೆ ಹೊಯ್ದು ಕೊಡುತ್ತಿದ್ದರು. ಪುರವಣಿ ಓದಿ ಅಲ್ಲ.

ನಿಮ್ಮದು ಹೋಗಲಿ. ನೀರಿಗೆ ಸಂಬಂಧಪಟ್ಟವರಿಗೆ ಫೋನ್ ಮಾಡಿದರೆ "ಸ್ವರ್ಣಾ ನದಿಯಲ್ಲೇ ನೀರಿಲ್ಲ, ನಾವೆಂತ ಮಾಡುವುದು" ಎನ್ನುತ್ತಾರೆ. ಜೂನ್ ಬಂದರೆ ಇವರೇ "ನೀರು ಕೆಂಪಾಗಿದೆ, ಕುದಿಸಿ ಕುಡಿಯಿರಿ" ಎನ್ನುತ್ತಾರೆ. ಪೈಪ್ ಹಾಕಲು ಅಂತ ನಮ್ಮ ರಸ್ತೆ ಅಗೆದು ಎರಡು ವರ್ಷ ಆಯಿತು. ಪೈಪ್ ಬಂತು, ನೀರು ಬರಲಿಲ್ಲ, ಗುಂಡಿ ಹಾಗೇ ಉಂಟು. ನಾನು ಸ್ಕೂಟರ್ ಸಮೇತ ಅದರಲ್ಲಿ ಎರಡು ಸಲ ಬಿದ್ದಿದ್ದೇನೆ. ಅರ್ಜಿ ಹಿಡಿದು ಹೋದರೆ "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ". ಯಾವ ಮೀಟಿಂಗ್ ಅದು, ಎರಡು ವರ್ಷ ನಡೆಯುವುದು?

ಅಧಿಕಾರಿಗಳು ಕೂಡಲೇ ನೀರು ಬಿಡಬೇಕು, ಗುಂಡಿಯನ್ನೂ ಮುಚ್ಚಬೇಕು. ನೀವು ಮಳೆ ಬರುವವರೆಗೆ ಇಂಥದ್ದನ್ನು ಹಾಕಬೇಡಿ, ಅಥವಾ ಬೇಯಿಸಿ ತಿನ್ನಿ ಅಂತಲಾದರೂ ಹಾಕಿ. ಈ ಊರಿನಲ್ಲಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ ಎಂದಾಗಿದೆ.

– ಹೊಟ್ಟೆ ಕೆಟ್ಟ ಓದುಗ, ಉಡುಪಿ