ಬ್ಯಾಕಪ್ ಡಿಸ್ಕ್ ಕಂಪ್ಯೂಟರಿನ ಪಕ್ಕದಲ್ಲಿದ್ದರೆ ಸಾಲದು

ಮಾನ್ಯ ಸಂಪಾದಕರಿಗೆ,

ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳ ಅಂಕಪಟ್ಟಿ, ಮನೆ ಖರೀದಿಯ ಕಾಗದಪತ್ರಗಳ ಸ್ಕ್ಯಾನ್, ಮದುವೆ-ಮುಂಜಿಯ ಫೋಟೊಗಳು, ಊರಿನ ಯಕ್ಷಗಾನದ ವಿಡಿಯೊಗಳು ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿರುತ್ತವೆ. ಮನೆಯವರು ಸಂಘದ ಪದಾಧಿಕಾರಿಯಾಗಿದ್ದರೆ ಸದಸ್ಯರ ಪಟ್ಟಿ, ಜಮಾಖರ್ಚು, ಸ್ಮರಣ ಸಂಚಿಕೆಯ ಲೇಖನಗಳೂ ಅದರಲ್ಲೇ ಸೇರಿರುತ್ತವೆ. ಇವುಗಳ ಹೆಚ್ಚುವರಿ ಪ್ರತಿ (ಬ್ಯಾಕಪ್) ಇಟ್ಟು ಕಾಯುವ ಬಗೆಯನ್ನು ಕುರಿತು ಈ ಪತ್ರ.

ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ನಕಲು ಮಾಡಿಟ್ಟು ನಿಶ್ಚಿಂತರಾಗುವವರು ಬಹಳ ಮಂದಿ. ಮನೆಯ ಕಂಪ್ಯೂಟರುಗಳಲ್ಲಿ ಇವೆರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳಾದ್ದರಿಂದ ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಕಂಪ್ಯೂಟರಿನೊಡನೆ ಸಿಂಕ್ ಆಗುವ ಗೂಗಲ್ ಡ್ರೈವ್ ಒಂದನ್ನೇ ನಂಬುವುದೂ ಸರಿಯಲ್ಲ. ಇಲ್ಲಿ ಅಳಿಸಿದ ಕಡತ ಅಲ್ಲಿಯೂ ಅಳಿದು, 30 ದಿನ ಟ್ರ್ಯಾಶ್‌ನಲ್ಲಿದ್ದು, ಬಳಿಕ ಶಾಶ್ವತವಾಗಿ ಹೋಗುತ್ತದೆ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಜಿಮೇಲ್ ಮತ್ತು ಫೋಟೊಗಳಿಗೂ ಪಾಲುಂಟು. ಹಣ ಕೊಟ್ಟು ಹೆಚ್ಚು ಜಾಗ ಪಡೆದರೂ, ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 1 ಟಿಬಿ ಕಳುಹಿಸಲು ಎಡೆಬಿಡದೆ 9 ದಿನಗಳಿಗಿಂತ ಹೆಚ್ಚು ಬೇಕು. ಆದುದರಿಂದ ಕ್ಲೌಡ್‌ನಲ್ಲಿ, ಅಂದರೆ ಇಂತಹ ಅಂತರ್ಜಾಲ ಸಂಗ್ರಹದಲ್ಲಿ, ಅತ್ಯಗತ್ಯ ದಾಖಲೆಗಳನ್ನಷ್ಟೇ ಇಡುವುದು ಜಾಣತನ.

ಗೃಹಬಳಕೆಗೆ ನನಗೆ ಸರಿಯೆನಿಸುವುದು ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳ ಕ್ರಮ. ಒಂದು ಮನೆಯಲ್ಲಿರಲಿ, ವಾರಕ್ಕೊಮ್ಮೆ ಜೋಡಿಸಿ, ನಕಲು ಮುಗಿದೊಡನೆ ಕಳಚಿಡಬೇಕು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈನಂತಹ, ಕಡತ ತೆರೆಯದಂತೆ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗಳು ಕಂಪ್ಯೂಟರಿಗೆ ಜೋಡಿಸಿದ ಡಿಸ್ಕಿನ ಕಡತಗಳಿಗೂ ಬೀಗ ಹಾಕಬಲ್ಲವಾದ್ದರಿಂದ ಈ ಕಳಚಿಡುವ ಕೆಲಸವನ್ನು ಸೋಮಾರಿತನದಿಂದ ಬಿಡಬಾರದು. ಇನ್ನೊಂದು ಡಿಸ್ಕ್ ಬೇರೆ ಉಪನಗರದಲ್ಲಿರುವ ಬಂಧುಗಳ ಮನೆಯಲ್ಲಿದ್ದು, ತಿಂಗಳಿಗೊಮ್ಮೆ ಎರಡೂ ಅದಲುಬದಲಾಗಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಬಲ್ಲ ನಗರವಿದು. ನೆಲಮಹಡಿಯ ಮನೆಗೆ ನೀರು ನುಗ್ಗಿದರೆ ಕಂಪ್ಯೂಟರೂ ಅದೇ ಮೇಜಿನ ಖಾನೆಯಲ್ಲಿರುವ ಬ್ಯಾಕಪ್ಪೂ ಒಟ್ಟಿಗೇ ನೆನೆಯುತ್ತವೆ. ಹೀಗೆ ತಿಂಗಳುಗಟ್ಟಲೆ ಎತ್ತಿಡಲು ಪೆನ್ ಡ್ರೈವ್ ಅಥವಾ ತಿರುಗುವ ತಟ್ಟೆಯ ಬದಲು ಚಿಪ್ ಬಳಸುವ ಡಿಸ್ಕಾದ ಎಸ್‌ಎಸ್‌ಡಿಗಿಂತ ಸಾಮಾನ್ಯ ಹಾರ್ಡ್ ಡಿಸ್ಕ್ ಮೇಲು, ಏಕೆಂದರೆ ಮೊದಲೆರಡರಲ್ಲಿ ಮಾಹಿತಿ ವಿದ್ಯುದಂಶದ ರೂಪದಲ್ಲಿದ್ದು, ದೀರ್ಘಕಾಲ ಬಳಸದೆ ಇಟ್ಟರೆ ಸೋರಿಹೋಗುವ ಸಾಧ್ಯತೆಯಿದೆ.

ನಕಲು ಮಾಡಲು ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್ ಸಾಕು, ಹೆಚ್ಚುವರಿ ಖರ್ಚಿಲ್ಲ. ಇವು ಕಡತದ ಹಳೆಯ ರೂಪಗಳನ್ನೂ ಉಳಿಸುತ್ತವೆ. ಆದರೆ ಫೈಲ್ ಹಿಸ್ಟರಿ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮೊದಲಾದ ಗೊತ್ತಾದ ಫೋಲ್ಡರುಗಳನ್ನಷ್ಟೇ ತಾನಾಗಿ ನೋಡಿಕೊಳ್ಳುವುದರಿಂದ, ಡಿ ಡ್ರೈವ್‌ನಲ್ಲಿ ಕಡತ ಇಡುವವರು ಆ ಫೋಲ್ಡರನ್ನು ಸೇರಿಸಲು ಮರೆಯಬಾರದು.

ಕನ್ನಡಿಗರಿಗೆ ವಿಶೇಷವಾದ ತೊಡಕೊಂದಿದೆ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಸ್ಮರಣ ಸಂಚಿಕೆಗಳ ಲೇಖನಗಳು, ವರದಿಗಳು ಹಲವು ಈ ಸ್ಥಿತಿಯಲ್ಲಿವೆ. ಡಿಸ್ಕ್ ಸುರಕ್ಷಿತವಾಗಿದ್ದರೂ ಲೇಖನ ಓದಲಾಗದಿದ್ದರೆ ನಷ್ಟ ಅಷ್ಟೇ ದೊಡ್ಡದು. ಅಂತಹವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲ ಕಡತ, ಫಾಂಟ್ ಮತ್ತು ಪಿಡಿಎಫ್ ಪ್ರತಿಗಳನ್ನು ಒಂದೇ ಫೋಲ್ಡರಿನಲ್ಲಿ ಇಡಬೇಕು.

ವರ್ಷಕ್ಕೆರಡು ಬಾರಿಯಾದರೂ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಕೆಲವು ಕಡತಗಳನ್ನು ತೆರೆದು ನೋಡಬೇಕು. ಪಾಸ್‌ವರ್ಡ್ ಹಾಕಿದ್ದರೆ ಮನೆಯ ಇನ್ನೊಬ್ಬರಿಗೂ ಅದು ತಿಳಿದಿರಲಿ. ನಮ್ಮ ಸಂಘಗಳು ಎರಡು ಡಿಸ್ಕ್‌ಗಳನ್ನು ಸಂಘದ ಖರ್ಚಿನಲ್ಲೇ ಕೊಂಡು, ಕಾರ್ಯದರ್ಶಿ ಹಾಗೂ ಕೋಶಾಧಿಕಾರಿಗಳ ಮನೆಗಳಲ್ಲಿ ಒಂದೊಂದನ್ನು ಇರಿಸಿ, ಅಧಿಕಾರ ಹಸ್ತಾಂತರದ ವೇಳೆ ಲೆಕ್ಕಪುಸ್ತಕಗಳೊಂದಿಗೆ ಅವನ್ನೂ ಹೊಸ ಸಮಿತಿಗೆ ಒಪ್ಪಿಸುವ ನಿರ್ಣಯವನ್ನು ಮುಂದಿನ ಮಹಾಸಭೆಯಲ್ಲಿ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಡೊಂಬಿವಲಿ