ಮಣ್ಣು ಮುಚ್ಚುವ ಮೊದಲು ಜಿಯೋಗ್ರಿಡ್ ನೋಡಿ

ಮಾನ್ಯ ಸಂಪಾದಕರೇ,

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ, ಎಲ್ಲಿ ಮಣ್ಣು ಜಾರಿದರೂ ‘ಬಲೆ ಹಾಕಿಸಿ’ ಎನ್ನುವ ಮಾತು ಕೇಳುತ್ತಿದ್ದೇನೆ. ರಸ್ತೆ ಕೆಲಸದಲ್ಲಿ ಇಪ್ಪತ್ತು ವರ್ಷ ಸೂಪರ್‌ವೈಸರ್ ಆಗಿದ್ದವನು ನಾನು. ಕಡಿದ ಗುಡ್ಡಕ್ಕೆ ಹೊದಿಸುವ ಕಬ್ಬಿಣದ ಬಲೆ ಬೇರೆ, ಜಿಯೋಗ್ರಿಡ್ ಎಂಬ ಪ್ಲಾಸ್ಟಿಕ್ ಜಾಲರಿ ಬೇರೆ. ಜಿಯೋಗ್ರಿಡ್ ಹಾಸುವುದು ನಾವು ತಂದು ತುಂಬಿಸುವ ಮಣ್ಣಿನ ಒಳಗೆ, ಪದರ ಪದರವಾಗಿ. ಶಿರೂರಿನಂಥ ಕಡಿದ ಗುಡ್ಡಕ್ಕೆ ಅದು ಮದ್ದಲ್ಲ. ಆದರೆ ಕುಸಿದ ರಸ್ತೆಯ ಅಂಚನ್ನು ಮತ್ತೆ ಕಟ್ಟಲು ಒಳ್ಳೆಯ ದಾರಿ. ಮಣ್ಣು ಭಾರ ಹೊರುತ್ತದೆ, ಎಳೆದರೆ ಮಾತ್ರ ಬಿಟ್ಟುಕೊಡುತ್ತದೆ. ಆ ಎಳೆತವನ್ನು ಗ್ರಿಡ್ ತಡೆಯುತ್ತದೆ. ಹಿಂದೆ ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರಲ್ವಾ, ಅದೇ ಲೆಕ್ಕ.

ಹೋದ ಬೇಸಿಗೆಯಲ್ಲಿ ನಮ್ಮೂರಿನ ತಿರುವಿನಲ್ಲಿ ಇಂಥದೇ ಕೆಲಸ ನಡೆಯಿತು. ನೋಡಲು ಹೋದೆ. ರೋಲನ್ನು ರಸ್ತೆಯ ಉದ್ದಕ್ಕೆ ಬಿಡಿಸಿದ್ದರು. ಇಳಿಜಾರಿಗೆ ಹಾಕುವ ಗ್ರಿಡ್‌ನ ಬಲ ಇರುವುದು ರೋಲಿನ ಉದ್ದದ ದಿಕ್ಕಿನಲ್ಲಿ. ಆ ಉದ್ದ ಅಂಚಿನಿಂದ ಒಳಕ್ಕೆ ಹೋಗಬೇಕು. ಅಡ್ಡ ಹಾಸಿದರೆ ಹೆಚ್ಚುಕಮ್ಮಿ ಹಾಸದ ಹಾಗೆಯೇ. ಮೇಲಾಗಿ ಸೀರೆಯ ನೆರಿಗೆಯಂತೆ ಸುಕ್ಕು. ಬಿಗಿಯಾಗಿ ಎಳೆದು ಗೂಟ ಹೊಡೆಯದಿದ್ದರೆ, ಆ ಸುಕ್ಕು ಬಿಚ್ಚಿಕೊಳ್ಳುವಷ್ಟು ಮಣ್ಣು ಮೊದಲು ಜಾರಿಯೇ ಜಾರುತ್ತದೆ. ನೋಡುತ್ತಿದ್ದಂತೆ ಟಿಪ್ಪರ್ ಒಂದು ಬರಿ ಗ್ರಿಡ್ ಮೇಲೆಯೇ ತಿರುಗಿತು. ಕನಿಷ್ಠ 15 ಸೆಂ.ಮೀ. ಮಣ್ಣು ಹರಡುವ ತನಕ ಯಾವ ಗಾಡಿಯೂ ಅದರ ಮೇಲೆ ಹತ್ತಬಾರದು.

ಆ ಟಿಪ್ಪರ್ ಸುರಿದದ್ದು ಶೇಡಿ ಮಣ್ಣು! ಮುರಕಲ್ಲಿನ ಅಡಿಯಲ್ಲಿ ಸಿಗುವ ಈ ಮಣ್ಣು ಒಣಗಿದಾಗ ಗಟ್ಟಿ, ನೀರು ಕುಡಿದರೆ ಗಂಜಿ. ಗ್ರಿಡ್‌ನ ಕಣ್ಣುಗಳಲ್ಲಿ ಕಚ್ಚಿಕೊಂಡು ಕೂರಲು ಚರಳು, ಜಲ್ಲಿ ಬೇಕು. ಗಂಜಿ ಹೇಗೆ ಕೂತೀತು? ಹಿಂಬದಿಯ ನೀರು ಇಳಿದುಹೋಗಲು ಒಂದು ಪೈಪೂ ಇರಲಿಲ್ಲ. ಕೇಳಿದ್ದಕ್ಕೆ ‘ಆಮೇಲೆ ಹಾಕ್ತೇವೆ’ ಅಂದರು. ಸಂಜೆಯೊಳಗೆ ಎಲ್ಲ ಮುಚ್ಚಿಹೋಯಿತು.

ಈ ಮಳೆಗೆ ಅಲ್ಲಿ ಡಾಂಬರು ಅಂಚಿನುದ್ದಕ್ಕೂ ಬಿರುಕು ಬಿಟ್ಟಿದೆ. ನನ್ನ ಹೆಬ್ಬೆರಳು ಒಳಗೆ ಹೋಗುತ್ತದೆ. ಶಾಲೆಯ ಬಸ್ಸು ದಿನಾ ಅಲ್ಲೇ ಹೋಗುವುದು.

ಮಣ್ಣು ಮುಚ್ಚಿದ ಮೇಲೆ ಒಳಗಿನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ನನ್ನ ಕೋರಿಕೆ ಇಷ್ಟು. ಪ್ರತಿ ಪದರ ಮುಚ್ಚುವ ಮೊದಲು ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆಯಲಿ. ತಡೆಗೋಡೆಯಾದರೆ ಗ್ರಿಡ್ ಸಾಮಾನ್ಯವಾಗಿ ಗೋಡೆ ಎತ್ತರದ ಶೇ 70ರಷ್ಟಾದರೂ ಒಳಗೆ ಹೋಗಿರಬೇಕು, ಅಂದರೆ 6 ಮೀಟರ್ ಗೋಡೆಗೆ 4.2 ಮೀಟರ್. ತಾರೀಖು ಕಾಣುವ ಫೋಟೊ ತೆಗೆದು ಪಂಚಾಯಿತಿಯಲ್ಲಿ ಹಾಕಲಿ. ಆ ಫೋಟೊ ಇಲ್ಲದೆ ಬಿಲ್ ಪಾಸ್ ಆಗುವುದು ಬೇಡ. ರಸ್ತೆ ಎಂಜಿನಿಯರ್‌ಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಇದ್ದೇ ಇದೆ, ಹೊಸ ಕಾನೂನೇನೂ ಬೇಕಿಲ್ಲ.

ನಮ್ಮ ತಿರುವಿನ ಬಿರುಕಿಗೆ ಸುಮ್ನೆ ಡಾಂಬರು ಮೆತ್ತಬೇಡಿ. ಈಗಲೇ ಆ ಬದಿಗೆ ಭಾರದ ಗಾಡಿ ಹೋಗದಂತೆ ತಡೆ ಇಡಿ. ಮಳೆ ನಿಂತ ಕೂಡಲೇ ಅಗೆದು, ಮೊದಲು ನೀರಿಗೆ ದಾರಿ ಮಾಡಿ, ಆಮೇಲೆ ಗ್ರಿಡ್ ಹಾಸಿ.

– ನಿವೃತ್ತ ಸೈಟ್ ಸೂಪರ್‌ವೈಸರ್, ಉಡುಪಿ ಜಿಲ್ಲೆ