ಮಗಳಿಗೊಂದು ಪತ್ರ: ಎರಡು ತಾರೀಖುಗಳ ವಿಷಯ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸ್ಕ್ಯಾನಿಂಗ್ ರಿಪೋರ್ಟನ್ನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಮುಟ್ಟಿನ ಲೆಕ್ಕದಲ್ಲಿ ಹೆರಿಗೆ ಅಕ್ಟೋಬರ್ 17ಕ್ಕೆ, ಸ್ಕ್ಯಾನಿನ ಲೆಕ್ಕದಲ್ಲಿ 25ಕ್ಕೆ. ಡಾಕ್ಟರು ಮೊದಲನೆಯದಕ್ಕೆ ಅಡ್ಡಗೆರೆ ಎಳೆದು ಎರಡನೆಯದಕ್ಕೆ ಸುತ್ತು ಹಾಕಿದ್ದಾರೆ. "ಎಂಟು ದಿನ ಹಿಂದೆ ಇದೆ ಅಂದ್ರೆ ಮಗು ಸರಿಯಾಗಿ ಬೆಳೀತಿಲ್ವಾ ಅಮ್ಮಾ?" ಅಂತ ಕೇಳಿದಾಗ ನಿನ್ನ ದನಿ ನಡುಗುತ್ತಿತ್ತು. ಫೋನಿನಲ್ಲಿ ನನಗೆ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸುವುದು ವಾಡಿಕೆ. ಬೆರಳಲ್ಲೇ ಲೆಕ್ಕ ಹಾಕಬೇಕೆಂದರೆ ಆ ತಾರೀಖಿನಿಂದ ಮೂರು ತಿಂಗಳು ಹಿಂದೆ ಹೋಗಿ ಏಳು ದಿನ ಕೂಡಿಸಬೇಕು. ನಿನ್ನದು ಜನವರಿ 10. ಹಿಂದೆ ಹೋದರೆ ಅಕ್ಟೋಬರ್ 10, ಏಳು ಸೇರಿಸಿದರೆ 17. ಜರ್ಮನಿಯ ನೇಗೆಲೆ ಎಂಬ ಹೆರಿಗೆ ವೈದ್ಯರ ಹೆಸರಲ್ಲಿ 19ನೇ ಶತಮಾನದಿಂದ ನಡೆದುಬಂದಿರುವ ಸೂತ್ರ ಇದು. ಆದರೆ ಮುಟ್ಟು 28 ದಿನಕ್ಕೊಮ್ಮೆ ತಪ್ಪದೆ ಬರುತ್ತದೆ, ಹದಿನಾಲ್ಕನೇ ದಿನದ ಸುಮಾರಿಗೆ ಅಂಡಾಣು ಬಿಡುಗಡೆಯಾಗುತ್ತದೆ ಅಂತ ನಂಬಿಕೊಂಡು ಮಾಡಿದ ಲೆಕ್ಕ. ನಿನ್ನ ಮುಟ್ಟು ನನ್ನ ಹಾಗೇ 35 ದಿನಕ್ಕೊಮ್ಮೆ. ಹಾಗಿದ್ದಾಗ ಅಂಡಾಣು ಬಿಡುಗಡೆಯಾಗುವುದೇ ಸುಮಾರು ಇಪ್ಪತ್ತೊಂದನೇ ದಿನ. ಏಳು ದಿನ ಅಲ್ಲೇ ಸರಿಹೋಯಿತಲ್ಲ! ಉಳಿದ ಒಂದು ದಿನಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿನ್ನ ಮಗು ಹಿಂದೆ ಬಿದ್ದಿಲ್ಲ, ಗರ್ಭ ನಿಂತದ್ದೇ ನಾವು ಎಣಿಸಿದ್ದಕ್ಕಿಂತ ತಡವಾಗಿ.

ನನಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಪುಟ್ಟಿ. ಮುಟ್ಟು ಎಷ್ಟು ದಿನಕ್ಕೊಮ್ಮೆ ಅಂತ ಕೇಳದೆ, ಮೊದಲ ತಿಂಗಳುಗಳಲ್ಲಿ ಸ್ಕ್ಯಾನೂ ಮಾಡಿಸದೆ ಒಂದು ತಾರೀಖು ಬರೆದುಕೊಟ್ಟರು. ಆ ದಿನ ಬಂತು, ಹೋಯಿತು. ಫೈಲಿನ ಮೇಲೆ ಕೆಂಪು ಇಂಕಿನಲ್ಲಿ "ದಿನ ಮೀರಿದೆ" ಅಂತ ಬರೆದರು. ಅದನ್ನು ನೋಡಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೀನು ಒದೆಯುವುದನ್ನೇ ಕಾಯುತ್ತಾ ಕೂತಿದ್ದೆ. ನೀನು ಹುಟ್ಟಿದ್ದು ಒಂಬತ್ತು ದಿನ ಆದ ಮೇಲೆ. ನಿನ್ನ ತೋಳಿನ ಮಡಿಕೆಗಳಲ್ಲಿ, ಕಿವಿಯ ಹಿಂದೆ ಬೆಣ್ಣೆ ಬಳಿದ ಹಾಗೆ ಬಿಳಿ ಲೇಪ ಇನ್ನೂ ದಟ್ಟವಾಗಿತ್ತು. ನಿಜಕ್ಕೂ ದಿನ ಮೀರಿದ ಮಗುವಿನ ಮೈಮೇಲೆ ಅದು ಸಾಮಾನ್ಯವಾಗಿ ಅಷ್ಟು ಉಳಿದಿರುವುದಿಲ್ಲ ಅಂತ ನಿನ್ನನ್ನು ಒರೆಸಿದ ನರ್ಸ್ ಹೇಳಿದರು. ಲೆಕ್ಕ ತಪ್ಪಿತ್ತು, ನೀನಲ್ಲ.

ಅದಕ್ಕೇ ನಿನ್ನ ಡಾಕ್ಟರು ಮಾಡಿದ್ದು ಸರಿ ಅನ್ನುತ್ತೇನೆ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ ವಯಸ್ಸು ಐದರಿಂದ ಏಳು ದಿನಗಳ ಒಳಗೆ ಸಿಕ್ಕಿಬಿಡುತ್ತದೆ. ನಿನ್ನ ಕೂಸು ಈಗ ಮೂರು ಸೆಂಟಿಮೀಟರಿನ ಹತ್ತಿರ ಇದೆ, ಎದೆ ನಿಮಿಷಕ್ಕೆ 168 ಸಲ ಬಡಿಯುತ್ತಿದೆ. ಈ ವಾರಕ್ಕೆ ಎರಡೂ ಹೊಂದುತ್ತವೆ. ಹೀಗೆ ಒಂಬತ್ತು ವಾರ ತುಂಬಿದಾಗಿನಿಂದ ಹದಿನಾಲ್ಕು ತುಂಬುವವರೆಗೆ ಮಾಡಿದ ಸ್ಕ್ಯಾನಿಗೂ ಮುಟ್ಟಿನ ಲೆಕ್ಕಕ್ಕೂ ಏಳು ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕ್ಯಾನಿನ ತಾರೀಖನ್ನೇ ಹಿಡಿಯುತ್ತಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೋ. ಮುಂದಿನ ಸ್ಕ್ಯಾನುಗಳಲ್ಲೂ ಮಷೀನು ಹೊಸ ಹೊಸ ತಾರೀಖು ತೋರಿಸುತ್ತದೆ. ಆಗ ಮಕ್ಕಳು ಅವರವರ ಮೈಕಟ್ಟಿಗೆ ತಕ್ಕ ಹಾಗೆ ಬೆಳೆಯುತ್ತಿರುತ್ತವೆ, ಕೊನೆಯ ತಿಂಗಳುಗಳ ಅಳತೆಯಿಂದ ಹೇಳುವ ತಾರೀಖು ಎರಡು ಮೂರು ವಾರ ಆಚೀಚೆ ಆಗಬಹುದು. "ಈಗ ನವೆಂಬರ್ ಅಂತ ಬಂದಿದೆ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಂಡು ಸುಮ್ಮನಿರಬೇಡ, ಮೊದಲ ಸ್ಕ್ಯಾನಿನ ರಿಪೋರ್ಟ್ ತೋರಿಸು. ಮಗು ನಿಜವಾಗಿಯೂ ಬೆಳೆಯದೆ ಚಿಕ್ಕದಾಗಿದ್ದರೆ, ತಾರೀಖನ್ನು ಮುಂದೂಡಿಬಿಟ್ಟರೆ ಆ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕಾಗದವನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಡು.

ಇನ್ನು ವಾರ ವಾರದ್ದು. ಫೋನಿನ ಆ್ಯಪಿನಲ್ಲಿ ಹಳೆಯ ತಾರೀಖು ತೆಗೆದು 25 ಹಾಕು, ಇಲ್ಲವಾದರೆ ಅದು ದಿನಾ ನಿನ್ನನ್ನು ಒಂದು ವಾರ ಮುಂದಕ್ಕೆ ಎಳೆಯುತ್ತಿರುತ್ತದೆ. ಇಪ್ಪತ್ತನೇ ವಾರದ ಹೊತ್ತಿಗೆ ಗರ್ಭಕೋಶ ಹೊಕ್ಕುಳದ ಮಟ್ಟಕ್ಕೆ ಬರುತ್ತದೆ. ಇಪ್ಪತ್ನಾಲ್ಕು ದಾಟಿದ ಮೇಲೆ ಹೊಟ್ಟೆಯ ಮೇಲೆ ಟೇಪು ಹಿಡಿದರೆ ಸೆಂಟಿಮೀಟರೂ ವಾರವೂ ಹೆಚ್ಚುಕಡಿಮೆ ಒಂದೇ, ಎರಡು ಅತ್ತಿತ್ತ. ಚೊಚ್ಚಲ ಬಸುರಿಗೆ ಮಗುವಿನ ಚಲನೆ ಗೊತ್ತಾಗುವುದು ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತನೇ ವಾರದಲ್ಲಿ. ಮಾಸು ಮುಂಭಾಗದಲ್ಲಿದ್ದರೆ ಇನ್ನೂ ತಡ. ಒದೆತ ಅಂದುಕೊಂಡು ಕಾಯಬೇಡ, ಮೊದಮೊದಲು ಅದು ಒಳಗೆ ನೀರಗುಳ್ಳೆ ಒಡೆದ ಹಾಗಿರುತ್ತದೆ. ನನಗಂತೂ ಎರಡು ದಿನ ಅದು ನೀನೇ ಅಂತ ಗೊತ್ತೇ ಆಗಿರಲಿಲ್ಲ.

ಏಳನೇ ತಿಂಗಳ ಹೊತ್ತಿಗೆ ಅದರ ಮಲಗುವ, ಏಳುವ ಹೊತ್ತು ನಿನಗೇ ತಿಳಿಯುತ್ತದೆ. ಚಲನೆ ಎಂದಿಗಿಂತ ಕಡಿಮೆಯಾಯಿತು ಅನ್ನಿಸಿದರೆ ಅವತ್ತೇ, ಆಗಲೇ ಆಸ್ಪತ್ರೆಗೆ ಹೋಗು. "ಕೊನೆಯಲ್ಲಿ ಜಾಗ ಸಾಲದೆ ಮಗು ಆಡೋದು ಕಡಿಮೆ ಆಗುತ್ತೆ" ಅಂತ ಯಾರು ಹೇಳಿದರೂ, ನಾನೇ ಹೇಳಿದರೂ, ನಂಬಬೇಡ. ರಕ್ತ ಕಂಡರೆ, ನೀರು ಹೋದರೆ, ತಲೆನೋವು ಬಿಡದೆ ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯುವುದೂ ಬೇಡ.

25ನೇ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ, ಆದರೆ ಎಲ್ಲರಿಗೂ ಹೇಳಬೇಡ. ಹೇಳಿದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ನಾನು ನಮ್ಮ ಆಫೀಸಿನಲ್ಲಿ ರಜೆ ಕೇಳಿರುವುದು ಅಕ್ಟೋಬರ್ 4ರಿಂದ ನವೆಂಬರ್ 8ರವರೆಗೆ. ನಿನ್ನ 37 ವಾರ ತುಂಬುವ ದಿನದಿಂದ 42 ತುಂಬುವ ದಿನದವರೆಗೆ. ಅಪ್ಪ ಆಮೇಲೆ ಬರುತ್ತಾರೆ.

ನಿನ್ನ
ಅಮ್ಮ